ಹತ್ತು ಅಣ್ಣಂದಿರ ಪಕ್ಷದವಳು

ಬನೂ ಇಸ್ರಾಯೀಲರ, ಅಂದರೆ ಇಸ್ರಾಯೀಲರ ಸಂತತಿಯ ಚರಿತ್ರೆ ಹೊಟ್ಟೆಕಿಚ್ಚಿನಿಂದ ಶುರುವಾಗುತ್ತದೆ. ಇದು ನನ್ನ ಮಾತಲ್ಲ, ನನ್ನ ಉಮ್ಮ ಆಸ್ಯಮ್ಮನ ಮಾತು. ಅವರಿಗೆ ಹೇಳಿಕೊಟ್ಟವರು ಅವರ ತಂದೆ ಉಮ್ಮರಬ್ಬ, ಊರ ಮಸೀದಿಯಲ್ಲಿ ಬಾಂಗು ಕೊಡುವ ಮುಕ್ರಿಯಾಗಿದ್ದವರು. ಇಸ್ರಾಯೀಲ್ ಎಂದರೆ ಪ್ರವಾದಿ ಯಾಕೂಬ್ ನಬಿಯೇ. ಅವರಿಗೆ ಹನ್ನೆರಡು ಗಂಡುಮಕ್ಕಳು. ಹನ್ನೊಂದನೆಯವನಾದ ಯೂಸುಫ್ ತಂದೆಯ ಕಣ್ಮಣಿ. ಅದನ್ನು ಸಹಿಸಲಾರದೆ ದೊಡ್ಡವರು ಹತ್ತು ಮಂದಿ ಸೇರಿ ಅವನನ್ನು ಬಾವಿಗೆ ಹಾಕಿದರು. ಬಾವಿಯಿಂದ ಎತ್ತಿದ ವ್ಯಾಪಾರಿಗಳು ಮಿಸ್ರ್ ದೇಶಕ್ಕೆ, ಅಂದರೆ ಈಜಿಪ್ಟಿಗೆ ಒಯ್ದು ಮಾರಿದರು. ಮುಂದೆ ಬರಗಾಲದಲ್ಲಿ ಇಡೀ ಕುಟುಂಬ ಅವನಿದ್ದಲ್ಲಿಗೇ ಹೋಯಿತು. ಅಲ್ಲಿ ಕುಟುಂಬ ಬೆಳೆದು ಜನಾಂಗವಾಯಿತು, ಅಲ್ಲಿನ ದೊರೆ ಫಿರ್‌ಔನನ ಗುಲಾಮಗಿರಿಗೆ ಬಿತ್ತು, ಮೂಸಾ ನಬಿ ಬಂದು ಬಿಡಿಸಬೇಕಾಯಿತು. ಹತ್ತು ಅಣ್ಣಂದಿರಿಗೆ ಹೊಟ್ಟೆ ಉರಿಯದೇ ಇದ್ದಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ.

ನಾನು ಚಿಕ್ಕಂದಿನಿಂದಲೂ ಆ ಹತ್ತು ಜನರ ಪಕ್ಷ. ಹಾಗೆಂದಾಗಲೆಲ್ಲ ಉಮ್ಮ "ತೌಬಾ ಹೇಳು ಝೊಹರಾ" ಎಂದು ಗದರಿಸುತ್ತಿದ್ದರು. ದೇವರಲ್ಲಿ ತಪ್ಪೊಪ್ಪಿ ತೌಬಾ ಹೇಳುತ್ತಿದ್ದೆ, ಪಕ್ಷ ಮಾತ್ರ ಬಿಡುತ್ತಿರಲಿಲ್ಲ. ಯೂಸುಫ್ ನಬಿಯ ಚಂದ, ಯೂಸುಫ್ ನಬಿಯ ಅಂಗಿ, ಯೂಸುಫ್ ನಬಿಯ ಕನಸು ಎಂದು ಎಲ್ಲರೂ ಬಾಯಿ ಚಪ್ಪರಿಸುತ್ತಾರೆ. ಮನೆಯ ಆಡು ಕುರಿ ಮೇಯಿಸಿದ ಆ ಹತ್ತು ಮಂದಿಗೆ ಹೊಸ ಅಂಗಿ ಯಾರಾದರೂ ಹೊಲಿಸಿದ್ದರೇ? ಆದರೂ ಕೊನೆಗೆ ಯಹೂದಿಗಳೆಂದು ಒಂದು ಜನಾಂಗಕ್ಕೆ ಹೆಸರು ಉಳಿದದ್ದು ಯೂಸುಫನಿಂದಲ್ಲ, ಆ ಹತ್ತರಲ್ಲೊಬ್ಬನಾದ ಯಹೂದಾನಿಂದ. ಇದನ್ನೂ ಉಮ್ಮನೇ ಹೇಳಿದ್ದು. ಕೇಳಿದ ದಿನ ನನಗೆ ಹಬ್ಬವಾಗಿತ್ತು.

ಇಷ್ಟೆಲ್ಲ ಯಾಕೆಂದರೆ, ನನಗೊಬ್ಬಳು ತಂಗಿಯಿದ್ದಾಳೆ. ಶಮೀನಾ. ಹಾಲಿನಂಥ ಬಣ್ಣ, ನಕ್ಕರೆ ಎರಡು ಕೆನ್ನೆಯಲ್ಲೂ ಗುಳಿ. ಪೆರ್ನಾಳ್ ಹಬ್ಬಕ್ಕೆ ಅವಳಿಗೆ ಲೇಸು ಇಟ್ಟ ಅಂಗಿ. ನನಗೆ "ನೀನು ದೊಡ್ಡವಳಲ್ವಾ, ಗಟ್ಟಿ ಬಟ್ಟೆ ಇರ್ಲಿ" ಎಂದು ಎರಡು ವರ್ಷ ಬಾಳುವಂಥದ್ದು. ಇದನ್ನೆಲ್ಲ ಮರೆಯಬಹುದಿತ್ತು. ಮರೆಯಲಾಗದ್ದು ಮುಝಫ್ಫರನ ಸಂಗತಿ.

ಮುಝಫ್ಫರನ ಮನೆಯವರು ದಾವಣಗೆರೆಯಿಂದ ಘಟ್ಟ ಇಳಿದು ಬಂದದ್ದು ನನ್ನನ್ನು ನೋಡಲು. ಚಹಾ ಮಾಡಿದವಳು ನಾನು, ಕೈಮಾದ ಸಮೋಸ ಕರಿದವಳು ನಾನು, ತಲೆಗೆ ಸೆರಗು ಹೊದ್ದು ಅವರೆದುರು ಕುಳಿತವಳೂ ನಾನು. ಅವರು ಹೋದ ಮೇಲೆ ಮದುವೆ ದಲ್ಲಾಳಿಯ ಹೆಂಡತಿ ಅಡಿಗೆಮನೆಗೆ ಬಂದು, "ಅವರಿಗೆ ಚಿಕ್ಕವಳು ಹಿಡಿಸಿದ್ದಂತೆ" ಎಂದಳು. ನನ್ನ ಕೈ ಇನ್ನೂ ಸಮೋಸದ ಎಣ್ಣೆಯಲ್ಲಿತ್ತು. ಶಮೀನಾಳ ನಿಕಾಹ್ ಆಯಿತು, ಅವಳು ಘಟ್ಟ ಹತ್ತಿದಳು. ಆ ಮೇಲೆ ನನಗೆ ಮೊಯ್ದು ಬಂದ. ಮೊಯ್ದುವಿನಲ್ಲಿ ಎಳ್ಳಷ್ಟೂ ಹುಳುಕಿಲ್ಲ, ಬಂಗಾರದಂಥ ಮನುಷ್ಯ. ಮುಝಫ್ಫರನೇ ಬೇಕಿತ್ತೆಂದೂ ಅಲ್ಲ. ಬೇಡ ಎನ್ನುವ ಬಾಯಿ ನನ್ನದಾಗಬೇಕಿತ್ತು, ಅವರದಾಯಿತು. ಅಷ್ಟೇ ನನ್ನ ಉರಿ.

ಈಗ ನಾನು ಸೌದಿಯಲ್ಲಿ, ಕೆಂಪು ಸಮುದ್ರದ ದಂಡೆಯ ಯಾನ್ಬುವಿನಲ್ಲಿದ್ದೇನೆ. ಮೊಯ್ದುವಿಗೆ ಇಲ್ಲಿನ ರಿಫೈನರಿಯಲ್ಲಿ ಪಾಳಿಯ ಕೆಲಸ. ಶಮೀನಾ ರಿಯಾದಿನಲ್ಲಿ. ಮುಝಫ್ಫರನಿಗೆ ಅಲ್ಲಿನ ಶ್ರೀಮಂತ ಪೇಟೆ ಒಲಾಯಾದಲ್ಲಿ ಗಾಜಿನ ಕಟ್ಟಡದೊಳಗೆ ಆಫೀಸು. ಫೋನಿನಲ್ಲಿ ಅವಳು ಲಿಫ್ಟು, ಮಾಲು ಎನ್ನುವಾಗ ನಾನು ಸಮುದ್ರವಿದೆ ಎನ್ನುತ್ತೇನೆ. ಬೇರೇನಿದೆ ಹೇಳಲು?

೨೦೧೪ರಲ್ಲಿ ಮೊಯ್ದು ಉಮ್ಮನಿಗೆ ವಿಸಿಟ್ ವೀಸಾ ಮಾಡಿಸಿದ. ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿ ಉಮ್ಮ ನಮ್ಮ ಮನೆಗೆ ಬಂದರು, ಮೂರು ತಿಂಗಳಿಗೆ. ಅವರ ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಅವರ ಸ್ಟೀಲಿನ ಲೋಟ. ಕಂಠದ ಹತ್ತಿರ ಒಂದು ಕಡೆ ತಗ್ಗಿದೆ, ಹೊಟ್ಟೆಯ ಮೇಲೆ ಪಾತ್ರೆಯಂಗಡಿಯವನು ಕೊರೆದ 'ಆಸ್ಯಮ್ಮ' ಎಂಬ ಹೆಸರಿದೆ. ಬೇರೆ ಯಾವುದರಲ್ಲಿ ಕೊಟ್ಟರೂ ಅವರಿಗೆ ಚಹಾ ಇಳಿಯುವುದಿಲ್ಲ. ಊಟಕ್ಕೂ ಹಾಗೆಯೇ, ಬಾಸುಮತಿ ಮುಟ್ಟುವುದಿಲ್ಲ. ಮೊಯ್ದು ಮಲಯಾಳಿ ಅಂಗಡಿಯಿಂದ ಕುಚ್ಚಲಕ್ಕಿಯ ಚೀಲ ಹೊತ್ತುತಂದ. ಬೆಳಿಗ್ಗೆ ಉಮ್ಮನಿಗೆ ಗಂಜಿ, ಒಣಮೀನಿನ ಚಟ್ನಿ. ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಕಡಲ ದಂಡೆಗೆ. ನಾನು ಇಲ್ಲಿಗೆ ಬಂದ ಮೇಲೆ ಉಮ್ಮ ನನ್ನೊಬ್ಬಳ ಬಳಿಗೆ ಬಂದದ್ದು ಇದೇ ಮೊದಲು. ಅವರ ತಲೆಗೆ ಎಣ್ಣೆ ಹಚ್ಚುವಾಗ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಮಗಳು ರುಕಯ್ಯಾ ಬಂದರೂ ಒಳಗೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಶಮೀನಾಳ ಫೋನು ಬಂತು. "ಅಕ್ಕ, ನಾವು ಮದೀನಕ್ಕೆ ಬರ್ತಾ ಇದ್ದೇವೆ. ಹಾಗೇ ನಿಮ್ಮಲ್ಲಿಗೂ ಬಂದು ಉಮ್ಮನನ್ನು ರಿಯಾದಿಗೆ ಕರ್ಕೊಂಡು ಹೋಗ್ತೇವೆ. ಒಂದು ತಿಂಗಳು ನಮ್ಮಲ್ಲಿ ಇರ್ಲಿ. ಮತ್ತೆ ಅಲ್ಲಿಂದಲೇ ಊರಿಗೆ ಕಳಿಸ್ತೇವೆ."

"ಉಮ್ಮನ ರಿಟರ್ನ್ ಟಿಕೆಟ್ ಜಿದ್ದಾದಿಂದ ಇರುದು. ಇಲ್ಲಿಗೆ ಬಂದೇ ಹೋಗ್ಬೇಕು" ಎಂದೆ.

"ಅದೆಲ್ಲ ಮುಝಫ್ಫರ್ ಬದಲು ಮಾಡಿಸ್ತಾರೆ, ಬಿಡು."

ಬಿಡು! ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದು ಹೋಯಿತು. ಅವಳಿಗೆ ಯಾವುದು ಬೇಕೆನಿಸಿದರೂ ಬದಲು ಮಾಡಿಸಲು ಒಬ್ಬ ಇರುತ್ತಾನೆ. ಟಿಕೆಟೂ ಬದಲಾಗುತ್ತದೆ, ನೋಡಲು ಬಂದ ಹೆಣ್ಣೂ ಬದಲಾಗುತ್ತಾಳೆ.

"ಎಂತ ಮಾರಾಯ್ತಿ, ಅವಳಿಗೂ ಉಮ್ಮ ಅಲ್ವಾ?" ಎಂದು ಮೊಯ್ದು ಕೇಳಿದ.

"ನೀವು ಸುಮ್ಮನಿರಿ" ಎಂದೆ. ಅವನು ಸುಮ್ಮನಾದ. ಅದಕ್ಕೇ ಅವನನ್ನು ಬಂಗಾರ ಎಂದದ್ದು.

ಅವರು ಬಂದರು. ಶಮೀನಾ ಬರುವಾಗಲೇ ಉಮ್ಮನಿಗೆ ಮೂರು ಹೊಸ ಅಬಾಯ, ಮೊಣಕಾಲಿಗೆ ಹಚ್ಚುವ ಮುಲಾಮು, ದೊಡ್ಡ ಪೆಟ್ಟಿಗೆಯಲ್ಲಿ ಅಜ್ವಾ ಖರ್ಜೂರ ತಂದಿದ್ದಳು. ಉಮ್ಮ ಅವಳ ಕೆನ್ನೆ ಹಿಡಿದು "ಸೊರಗಿದ್ದೀಯಲ್ಲ" ಎಂದರು. ಅವಳು ಸೊರಗಿದ್ದೇ? ನನಗಿಂತ ಎರಡು ಪಾಲು ಇದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ. ಆದರೆ ನಮ್ಮ ಮನೆಯಲ್ಲಿ ಹೆಗ್ಗಣಕ್ಕೇ ಅಷ್ಟೂ ಮುದ್ದು ಮುಗಿದು ನನ್ನ ಪಾಲಿಗೆ ಏನೂ ಉಳಿಯಲಿಲ್ಲ.

ಸಂಜೆ ಎಲ್ಲರೂ ಕಡಲ ದಂಡೆಗೆ ಹೋದೆವು. ಚಾಪೆ ಹಾಸಿ ಫ್ಲಾಸ್ಕಿನಿಂದ ಉಮ್ಮನ ಲೋಟಕ್ಕೆ ಕಪ್ಪು ಚಹಾ ಬಗ್ಗಿಸಿದೆ. ಗಂಡಸರು ಅಷ್ಟು ದೂರದಲ್ಲಿ ನಿಂತು ಮಾತಾಡುತ್ತಿದ್ದರು. ಉಮ್ಮ ಲೋಟವನ್ನು ನೀರಿನ ಕಡೆಗೆ ಚಾಚಿ, "ಅಗೋ, ಆಚೆ ಬದಿ ಮಿಸ್ರ್" ಎಂದರು. ದಿನಾ ಹೇಳುತ್ತಿದ್ದರು. ರುಕಯ್ಯಾ ದಿನಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಯೂಸುಫ್ ನಬಿಯನ್ನು ಈ ಸಮುದ್ರದಲ್ಲೇ ಕರ್ಕೊಂಡು ಹೋದದ್ದಾ ಅಜ್ಜಿ?"

"ಅಲ್ಲ ಮಗಾ. ಒಂಟೆ ಮೇಲೆ, ಅಲ್ಲಿ ಮೇಲಿಂದ ಸುತ್ತಿ. ನಿಂಗೆ ಯಾವುದು ಹೇಳ್ಬೇಕು ಇವತ್ತು?"

"ಲೋಟದ್ದು."

ಲೋಟದ ಭಾಗವೆಂದರೆ ರುಕಯ್ಯಾಳಿಗೆ ಪ್ರಾಣ. ಉಮ್ಮ ಹೇಳತೊಡಗಿದರು. ಬರಗಾಲ ಬಂತು, ಧಾನ್ಯ ಕೇಳಿಕೊಂಡು ಅಣ್ಣಂದಿರು ಮಿಸ್ರಿಗೆ ಹೋದರು. ಅಲ್ಲಿ ಧಾನ್ಯ ಅಳೆಸಿ ಕೊಡುವ ಅಧಿಕಾರಿ ಯೂಸುಫ್ ನಬಿಯೇ. ಅವರು ಗುರುತು ಹಿಡಿದರು, ಅಣ್ಣಂದಿರು ಹಿಡಿಯಲಿಲ್ಲ. ಎರಡನೇ ಸಲ ಎಲ್ಲರಿಗಿಂತ ಕಿರಿಯವನಾದ ಬಿನ್ಯಾಮೀನನೂ ಜೊತೆಗೆ ಬಂದ. ಇವನನ್ನು ಹತ್ತಿರ ಇಟ್ಟುಕೊಳ್ಳಬೇಕು, ಹೇಗೆ? ಇರು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ.

"ಆಗ ಎಂತ ಮಾಡಿದ್ರು? ರಾಜನ ಲೋಟವನ್ನು ಗುಟ್ಟಿನಲ್ಲಿ ತಮ್ಮನ ಚೀಲದೊಳಗೆ ಇಡಿಸಿದ್ರು. ಎಲ್ಲರೂ ಹೊರಟ ಮೇಲೆ ಜನ ಓಡಿ ಬಂದು, ನಿಲ್ಲಿ, ನೀವು ಕಳ್ಳರು! ಚೀಲ ಬಿಚ್ಚಿ ನೋಡಿದ್ರೆ ಲೋಟ ಉಂಟು. ಕದ್ದವನು ಇಲ್ಲೇ ಉಳೀಬೇಕು ಅಂತಾಯ್ತು."

"ಆದ್ರೆ ಅವನು ಕದ್ದದ್ದಲ್ಲ! ಅನ್‌ಫೇರ್" ಎಂದಳು ರುಕಯ್ಯಾ.

"ಕಳ್ಳ ಅಂತ ಕರೆಸ್ಕೊಂಡ್ರೆ ಎಂತ ಹೋಯ್ತು? ಅಣ್ಣನ ಹತ್ರ ಉಳಿದನಲ್ಲ" ಎಂದು ಉಮ್ಮ ನಕ್ಕರು. ಮುಂದಿನದನ್ನೂ ಹೇಳಿದರು. ಯಾಕೂಬ್ ನಬಿ ಮರಣದ ಹೊತ್ತಿಗೆ ಹನ್ನೆರಡೂ ಮಕ್ಕಳನ್ನು ಕೂರಿಸಿಕೊಂಡು, ನನ್ನ ನಂತರ ಯಾರನ್ನು ಆರಾಧಿಸ್ತೀರಿ ಎಂದು ಕೇಳಿದರಂತೆ. ನಿಮ್ಮ ದೇವರನ್ನೇ, ಇಬ್ರಾಹೀಮರ, ಇಸ್ಮಾಯೀಲರ, ಇಸ್‌ಹಾಕರ ಆ ಒಬ್ಬನೇ ದೇವರನ್ನು ಎಂದು ಹನ್ನೆರಡೂ ಮಂದಿ ಒಂದೇ ಬಾಯಲ್ಲಿ ಹೇಳಿದರಂತೆ. "ಬಾವಿಗೆ ಹಾಕಿದವರೂ ಬಾವಿಗೆ ಬಿದ್ದವನೂ. ಆ ಒಂದು ಮಾತಿಗೆ ಎಲ್ಲ ಒಟ್ಟು. ಅವರ ದೀನ್, ಅವರ ಧರ್ಮ ನಿಂತದ್ದು ಹಾಗೆ."

ಶಮೀನಾ ಉಮ್ಮನ ಮೊಣಕಾಲು ನೀವುತ್ತಾ ಕೇಳುತ್ತಿದ್ದಳು. ಆ ಕಾಲನ್ನು ಇಷ್ಟು ದಿನ ನೀವಿದವಳು ನಾನು. ನನ್ನಿಂದ ತಡೆಯಲಾಗಲಿಲ್ಲ.

"ಮುದ್ದಿನ ಮಕ್ಕಳಿಗೆ ಎಂತ ಚಿಂತೆ ಉಮ್ಮ? ಬಾವಿಗೆ ಬಿದ್ದರೂ ಅರಮನೆಯೇ ಸಿಗುದು. ಒಲಾಯಾದಲ್ಲಿ."

ಶಮೀನಾಳ ಕೈ ನಿಂತಿತು. "ಅಕ್ಕ, ಬಾವಿಗೆ ಬಿದ್ದದ್ದು ಯಾರು ಅಂತ ನಿಂಗೆ ಗೊತ್ತುಂಟಾ?"

"ಎಲ್ಲ ಗೊತ್ತುಂಟು. ಸಮೋಸ ಕರಿದದ್ದು ನಾನು."

"ಅದೇ ನಿಂಗೆ ಗೊತ್ತಿಲ್ಲದ್ದು. ಅವರು ನಿನ್ನನ್ನೇ ಒಪ್ಪಿದ್ರು" ಎಂದಳು. "ಹೆಣ್ಣನ್ನು ದಾವಣಗೆರೆಗೆ ಕರ್ಕೊಂಡು ಹೋಗ್ತೇವೆ ಅಂದ್ರು. ಆಗ ಉಮ್ಮ ಎಂತ ಹೇಳಿದ್ರು ಕೇಳು. ದೊಡ್ಡವಳನ್ನು ಮನೆಯಿಂದ ಕಳಿಸ್ಲಿಕ್ಕೆ ಆಗುದಿಲ್ಲ, ಬೇಕಾದ್ರೆ ಚಿಕ್ಕವಳು ಇದ್ದಾಳೆ ಅಂದ್ರು. ಬೇಕಾದ್ರೆ! ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ನಿನ್ನನ್ನು ಇಟ್ಕೊಂಡ್ರು, ನನ್ನನ್ನು ಕೊಟ್ಟುಬಿಟ್ರು."

ನಾನು ಉಮ್ಮನ ಮುಖ ನೋಡಿದೆ. ಸುಳ್ಳು ಎನ್ನಲಿ ಎಂದು ಕಾದೆ.

ನಮ್ಮ ಕರಾವಳಿಯ ಹಳೆಯ ಬ್ಯಾರಿ ಮನೆಗಳ ಪದ್ಧತಿಯೇ ಬೇರೆ. ಮದುವೆಯಾದರೂ ಹೆಣ್ಣು ತಾಯಿಮನೆಯಲ್ಲೇ ಉಳಿಯುತ್ತಾಳೆ, ಗಂಡನೇ ಅಲ್ಲಿಗೆ ಬರುತ್ತಾನೆ. ಮೊಯ್ದು ಹಾಗೆಯೇ ಬಂದ. ಅವನು ಗಲ್ಫಿಗೆ ಹೋದ ಮೇಲೂ, ನನಗೆ ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ ಆಗುವ ತನಕ, ವರ್ಷಗಟ್ಟಲೆ ನಾನು ಉಮ್ಮನ ಅಡಿಗೆಮನೆಯಲ್ಲೇ ಇದ್ದೆ. ರುಕಯ್ಯಾ ಹುಟ್ಟಿದ್ದೂ ಅದೇ ಮನೆಯಲ್ಲಿ. ಘಟ್ಟದ ಮೇಲಿನವರಲ್ಲಿ ಈ ಪದ್ಧತಿ ಇಲ್ಲ. ಶಮೀನಾ ಪೆರ್ನಾಳಿಗೆ ಬಂದರೆ ಮೂರನೇ ದಿನ ಬಾಗಿಲಲ್ಲಿ ಕಾರು ನಿಂತಿರುತ್ತಿತ್ತು.

"ಹೌದು" ಎಂದರು ಉಮ್ಮ. ಲೋಟವನ್ನು ಚಾಪೆಯ ಮೇಲಿಟ್ಟರು. "ನಾನೇ ಹೇಳಿದ್ದು. ನಿಮ್ಮ ಬಾಪ ತೀರಿಹೋಗಿ ವರ್ಷ ಆಗಿರ್ಲಿಲ್ಲ. ಝೊಹರಾ ಇಲ್ಲದೆ ಮನೆ ಹೇಗೆ ನಡಿಸುದು ಅಂತ ನಂಗೆ ಗೊತ್ತಿರ್ಲಿಲ್ಲ. ಸಂಬಂಧ ಒಳ್ಳೇದಿತ್ತು, ಬಿಡ್ಲಿಕ್ಕೂ ಮನಸ್ಸು ಬರ್ಲಿಲ್ಲ. ದಲ್ಲಾಳಿ ಹೆಂಡತಿ ಬಾಯಿಗೆ ಬಂದದ್ದು ಹೇಳಿದ್ಳು. ನಾನು ಸುಮ್ಮನಾದೆ."

ಮೊದಲು ಆದದ್ದು ಖುಷಿ. ಸುಳ್ಳು ಯಾಕೆ ಹೇಳಲಿ? ಅವರು ನನ್ನನ್ನೇ ಒಪ್ಪಿದ್ದರು. ಉಮ್ಮ ನನ್ನನ್ನೇ ಇಟ್ಟುಕೊಂಡಿದ್ದರು. ಎರಡು ಕಡೆಯೂ ಗೆದ್ದವಳು ನಾನೇ! ಆ ಖುಷಿ ಒಂದು ಗುಟುಕು ಚಹಾದಷ್ಟೂ ಬಾಳಲಿಲ್ಲ. ಇಷ್ಟು ವರ್ಷ ಹಾಲೆರೆದು ಸಾಕಿದ ನನ್ನ ಹೊಟ್ಟೆಕಿಚ್ಚಿಗೆ ಒಂದು ಹಿಡಿ ಆಧಾರವೂ ಇರಲಿಲ್ಲವೆಂದರೆ ಹೇಗಾಗಬೇಕು? ಶಮೀನಾಳದ್ದು ಗಟ್ಟಿಯಾದ ನೋವು, ಕಿವಿಯಾರೆ ಕೇಳಿದ ನೋವು. ನೋಡಿ ನನ್ನ ಗುಣ, ನನಗೆ ಅದರ ಮೇಲೂ ಅಸೂಯೆಯಾಯಿತು. ನೋವಿನಲ್ಲೂ ಅವಳದ್ದೇ ಮೇಲುಗೈ.

ಉಮ್ಮ ಶಮೀನಾಳ ತಲೆಯ ಮೇಲೆ ಕೈಯಿಟ್ಟರು. "ನಾನು ನಿನ್ನ ಜೊತೆ ರಿಯಾದಿಗೆ ಬರ್ತೇನೆ. ಒಂದು ತಿಂಗಳು ನಿನ್ನಲ್ಲೇ ಇರ್ತೇನೆ."

"ಮತ್ತೆ ಅಲ್ಲಿಂದಲೇ ಊರಿಗೆ ಅಲ್ವಾ ಉಮ್ಮ? ಇಷ್ಟು ದೂರ ವಾಪಸ್ ಯಾಕೆ?"

ಉಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನನ್ನ ಕಡೆ ನೋಡಿದರು. ಇಷ್ಟು ಕೇಳಿದ ಮೇಲೆ ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು? "ಕರ್ಕೊಂಡು ಹೋಗು" ಎಂದೆ. ಎದ್ದು ಚಾಪೆ ಕೊಡವಿದೆ. ಉಮ್ಮ ಇನ್ನೂ ಅದರ ತುದಿಯಲ್ಲಿ ಕುಳಿತೇ ಇದ್ದರು.

ಮರುದಿನ ಬೆಳಿಗ್ಗೆ ಉಮ್ಮನ ಪೆಟ್ಟಿಗೆ ತುಂಬಿಸಿದವಳು ನಾನೇ. ನಮಾಜಿನ ಕುಪ್ಪಾಯ, ಔಷಧಿ, ಶಮೀನಾ ತಂದ ಮೂರು ಅಬಾಯ. ಮಡಚುವಾಗ ಅಬಾಯಗಳ ಜರಿ ನೋಡಿ ಮತ್ತೊಮ್ಮೆ ಉರಿದುಕೊಂಡೆ. ಅಡಿಗೆಮನೆಯ ಕಟ್ಟೆಯ ಮೇಲೆ ಲೋಟ ಕಾಣಲಿಲ್ಲ. "ಉಮ್ಮ, ಲೋಟ?" ಎಂದು ಕೂಗಿದೆ. "ಆಯ್ತು, ಆಯ್ತು, ನಾನು ಇಟ್ಟಾಗಿದೆ, ನೀನು ಬೀಗ ಹಾಕು" ಎಂದರು. ಕಾರು ಹತ್ತುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಗಂಜಿ ಉಣ್ಣು. ಬರೀ ಬಾಸುಮತಿ ತಿಂದು ಹೊಟ್ಟೆ ಹಾಳು ಮಾಡ್ಬೇಡ" ಎಂದರು. ಬೀಳ್ಕೊಡುವಾಗ ಆಡುವ ಮಾತೇ ಇದು? ಅವಳನ್ನು ಸೊರಗಿದ್ದೀಯಲ್ಲ ಎಂದು ಕೆನ್ನೆ ಹಿಡಿದರು, ನನಗೆ ಹೊಟ್ಟೆಯ ಬುದ್ಧಿವಾದ. ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ನಾನು ಒಳಗೆ ಬಂದೆ. ಗಂಜಿಯನ್ನೂ ಮಾಡಲಿಲ್ಲ. ಕುಚ್ಚಲಕ್ಕಿಯ ಚೀಲದ ಬಾಯಿ ಹಗ್ಗದಲ್ಲಿ ಕಟ್ಟಿದಂತೆಯೇ ಮೂಲೆಯಲ್ಲಿತ್ತು, ಅದನ್ನು ಕಂಡರೇ ಸಿಟ್ಟು ಬರುತ್ತಿತ್ತು.

ವಾರ ಕಳೆದು ಶಮೀನಾಳ ಫೋನು ಬಂತು. ಸಲಾಮನ್ನೂ ಅರ್ಧ ನುಂಗಿದ್ದಳು.

"ಅಕ್ಕ, ಉಮ್ಮನ ಲೋಟ ನೀನು ಇಟ್ಕೊಂಡಿದ್ದಿಯಾ?"

"ನಾನಾ?"

"ಮತ್ತೆ ಯಾರು? ಪೆಟ್ಟಿಗೆಯಲ್ಲಿ ಇಲ್ಲ. ಉಮ್ಮ ಇಲ್ಲಿ ಸರಿಯಾಗಿ ಚಹಾ ಕುಡಿಯುದೇ ಇಲ್ಲ. ನಾನು ಎಂಥೆಂಥ ಕಪ್ಪು ತಂದು ಕೊಟ್ಟೆ. ಉಮ್ಮ ನನ್ನಲ್ಲಿ ಒಂದು ತಿಂಗಳು ಇರುದೂ ನಿಂಗೆ ಆಗುದಿಲ್ಲ ಅಲ್ವಾ? ಅದಕ್ಕೆ ಕದ್ದು ಇಟ್ಕೊಂಡದ್ದು."

ಕದ್ದದ್ದು! ಹೊಟ್ಟೆಕಿಚ್ಚಿನವಳು ಎಂದು ಬೇಕಾದರೆ ಕರೆಯಲಿ, ಅದಕ್ಕೆ ನಾನು ಅರ್ಹಳು. ಕಳ್ಳಿ ಎಂದು ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ. "ನಿನ್ನ ಮನೆಯ ಮೂರು ಕೋಣೆಯನ್ನೂ ಮೊದಲು ಹುಡುಕು, ಆ ಮೇಲೆ ಮಾತಾಡು" ಎಂದು ಕಿರುಚಿ ಫೋನಿಟ್ಟೆ. ಆ ದಿನವೆಲ್ಲ ಪಾತ್ರೆಗಳನ್ನು ಕುಕ್ಕಿದೆ. ಮೊಯ್ದು ಪಾಳಿ ಮುಗಿಸಿ ಬಂದವನು ನನ್ನ ಮುಖ ನೋಡಿ ಹೊರಗೆ ವಾಕಿಂಗ್ ಹೋದ.

ಎರಡು ದಿನ ಬಿಟ್ಟು ಅವನಿಗೆ ಜ್ವರ ಬಂತು. ಬಾಯಿ ಕಹಿ, ಅನ್ನ ಬೇಡ ಎಂದ. "ಮಾಮಿಗೆ ಮಾಡ್ತಿದ್ದಿಯಲ್ಲ, ಅಂಥ ಗಂಜಿ ಉಂಟಾ?" ಎಂದು ಕೇಳಿದ. ಜ್ವರದವನ ಹತ್ತಿರ ಏನು ಹಟ? ಮೂಲೆಗೆ ಹೋಗಿ ಕುಚ್ಚಲಕ್ಕಿಯ ಚೀಲದ ಹಗ್ಗ ಬಿಚ್ಚಿದೆ. ನಾನು ಕಟ್ಟುವ ಗಂಟಲ್ಲ ಅದು. ಅಕ್ಕಿಗೆ ಕೈ ಹಾಕಿದೆ. ಬೆರಳಿಗೆ ತಣ್ಣಗೆ ಏನೋ ತಾಗಿತು.

ಲೋಟ.

ಕಂಠದ ಹತ್ತಿರ ತಗ್ಗು, ಹೊಟ್ಟೆಯ ಮೇಲೆ ಆಸ್ಯಮ್ಮ. ಒಳಗೂ ಅಕ್ಕಿ ತುಂಬಿತ್ತು. ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ.

ಆ ಕಥೆಯನ್ನು ನಾನು ಮಾತು ಬಂದಾಗಿನಿಂದ ಕೇಳಿದ್ದೇನೆ. ಯಾವಾಗಲೂ ಹತ್ತು ಅಣ್ಣಂದಿರ ಸಾಲಿನಲ್ಲೇ ನಿಂತು ಕೇಳಿದ್ದೇನೆ. ಚೀಲ ಬಿಚ್ಚಿದಾಗ ಲೋಟ ನನ್ನ ಚೀಲದಲ್ಲೇ ಇರಬಹುದೆಂದು ಒಮ್ಮೆಯೂ ಎಣಿಸಿರಲಿಲ್ಲ. ಇರು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲದಾಗ ಲೋಟವನ್ನು ಯಾರ ಚೀಲದಲ್ಲಿ ಇಡುತ್ತಾರೆ? ನಾನು ಅತ್ತೆ, ಸೆರಗು ಒದ್ದೆಯಾಗುವಷ್ಟು ಅತ್ತೆ. "ಎಂತಾಯ್ತು?" ಎಂದು ಮೊಯ್ದು ಜ್ವರದಲ್ಲೇ ಎದ್ದು ಬಂದ. "ಏನಿಲ್ಲ, ಗಂಜಿ ಆಗ್ತದೆ" ಎಂದೆ.

ಗಂಜಿ ಬೇಯಲು ಇಟ್ಟು ರಿಯಾದಿಗೆ ಫೋನು ಮಾಡಿದೆ. ಶಮೀನಾಳೇ ಎತ್ತಿದಳು. ಹಿಂದಿನಿಂದ ಉಮ್ಮ ಅವಳ ಮಕ್ಕಳಿಗೆ ಏನೋ ಹೇಳುತ್ತಿದ್ದುದು ಕೇಳಿಸುತ್ತಿತ್ತು, ನಡುವೆ ನಗು. ನನ್ನ ನಾಲಿಗೆಯ ತುದಿಯಲ್ಲಿತ್ತು: ಕೇಳೇ, ಉಮ್ಮನೇ ಇಟ್ಟು ಹೋದದ್ದು, ನನಗೆಂದು. ಇಷ್ಟು ವರ್ಷದ ಉರಿಗೆ ಅದೊಂದು ಮಾತು ಸಾಕಿತ್ತು. ಹೇಳಿದ್ದರೆ ಅವಳು ಮತ್ತೊಮ್ಮೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಂತಾಗುತ್ತಿತ್ತು.

"ಶಮೀನಾ, ಲೋಟ ಇಲ್ಲೇ ಉಂಟು" ಎಂದೆ.

"ನಾನು ಹೇಳಿದ್ದೆ ಅಲ್ವಾ! ನೀನೇ ಅಲ್ವಾ ಇಟ್ಕೊಂಡದ್ದು?"

"ಹೌದು. ನಾನೇ ಕದ್ದದ್ದು."

ನಾನು ಒಪ್ಪಿಕೊಳ್ಳುವೆನೆಂದು ಅವಳು ಎಣಿಸಿರಲಿಲ್ಲ. ದೊಡ್ಡದಾಗಿ ನಕ್ಕಳು. ಚಿಕ್ಕಂದಿನಲ್ಲಿ ಜಗಳ ಗೆದ್ದಾಗ ನಗುತ್ತಿದ್ದಳಲ್ಲ, ಹಾಗೆ. "ನಿನ್ನ ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಕ್ಕ. ರಿಯಾದಿಗೆ ಬರುವವರು ಯಾರಾದ್ರೂ ಇದ್ರೆ ಅವರ ಕೈಯಲ್ಲಿ ಕಳಿಸು."

"ಕಳಿಸುದಿಲ್ಲ. ನೀನು ಟಿಕೆಟ್ ಬದಲು ಮಾಡಿಸ್ಬೇಡ. ತಿಂಗಳು ಮುಗಿದ ಮೇಲೆ ಉಮ್ಮನೇ ಬಂದು ತಗೊಂಡು ಜಿದ್ದಾದಿಂದ ಹೋಗ್ಲಿ."

"ಒಂದು ಲೋಟಕ್ಕೆ ಅಷ್ಟು ದೂರ ಬರುದಾ?" ಎಂದು ಶಮೀನಾ ಹಿಂದಕ್ಕೆ ತಿರುಗಿ ಕೂಗಿದಳು. "ಉಮ್ಮಾ, ಲೋಟ ಅಕ್ಕನೇ ಕದ್ದದ್ದಂತೆ! ಬಂದು ತಗೊಳ್ಳಿ ಅಂತಾಳೆ, ಎಂತ ಹೇಳುದು?"

ಉಮ್ಮನ ಧ್ವನಿ ದೂರದಿಂದ ಬಂತು. "ಹೋಗ್ಲೇಬೇಕಲ್ಲ ಮಗಾ. ನನ್ನ ಲೋಟ ಅಲ್ವಾ?"